ಜೇನಿನ ಹನಿ ನೀರಿಗೆ ಬಿಟ್ಟರೆ ಏನೂ ತಿಳಿಯದು

ಮಾನ್ಯ ಸಂಪಾದಕರೇ,

ನಕಲಿ ಆಹಾರದ ಸುದ್ದಿ ಬಂದಾಗಲೆಲ್ಲ ಅದರ ಪಕ್ಕದಲ್ಲೇ ಚೌಕಟ್ಟು ಹಾಕಿ ‘ಮನೆಯಲ್ಲೇ ಪತ್ತೆ ಹಚ್ಚಿ’ ಎಂಬ ಸಲಹೆಗಳು ಅಚ್ಚಾಗುತ್ತವೆ. ಲೋಟದ ನೀರಿಗೆ ಜೇನುತುಪ್ಪದ ಹನಿ ಬಿಡಿ, ಹಾಗೇ ತಳಕ್ಕಿಳಿದರೆ ಅಸಲಿ, ಕರಗಿದರೆ ನಕಲಿ. ಹತ್ತಿಯ ಬತ್ತಿಯನ್ನು ಜೇನಿನಲ್ಲಿ ಅದ್ದಿ ಕಡ್ಡಿ ಗೀರಿ, ಹೊತ್ತಿಕೊಂಡರೆ ಅಸಲಿ. ಇವೆಲ್ಲ ತಪ್ಪು. ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು, ಇದು ನಕಲಿ ಮಾಡುವವರಿಗೇ ಅನುಕೂಲವಾಗುವ ತಪ್ಪು. ಇಂಥ ಪರೀಕ್ಷೆಗಳನ್ನು ಬಿಟ್ಟು, ಪೊಟ್ಟಣದ ಹಿಂಬದಿಯ ಸಣ್ಣಕ್ಷರವನ್ನು ಓದುವುದು ಹೇಗೆಂದು ಪತ್ರಿಕೆಗಳು ಓದುಗರಿಗೆ ಕಲಿಸಬೇಕು ಎಂದು ಕೇಳಿಕೊಳ್ಳಲು ಈ ಪತ್ರ.

ಮೊದಲು ಜೇನಿನ ಮಾತು. ಹನಿ ತಳಕ್ಕಿಳಿಯುವುದು ಅದು ಹುಳು ಕೂಡಿಟ್ಟ ಜೇನು ಎಂಬ ಕಾರಣಕ್ಕಲ್ಲ, ನೀರಿಗಿಂತ ಭಾರ ಮತ್ತು ಮಂದ ಎಂಬ ಕಾರಣಕ್ಕೆ. ಕೋಡೆಕ್ಸ್ ಎಂಬ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಜೇನಿನಲ್ಲಿ ನೀರಿನಂಶ ಸಾಮಾನ್ಯವಾಗಿ ಶೇ 20 ಮೀರಬಾರದು. ಅಕ್ಕಿಯ ಪಿಷ್ಟವನ್ನೋ ಮುಸುಕಿನ ಜೋಳದ ಪಿಷ್ಟವನ್ನೋ ಕಿಣ್ವ ಹಾಕಿ ಒಡೆದು ಮಾಡಿದ ಸಕ್ಕರೆ ಪಾಕವನ್ನೂ ಅದೇ ಶೇ 20ರ ಹದಕ್ಕೆ ಇಳಿಸಿ ನಿಲ್ಲಿಸಬಹುದು. ಆಗ ಎರಡರ ಸಾಂದ್ರತೆಯೂ ನೀರಿನ ಸುಮಾರು 1.4 ಪಟ್ಟು. ಲೋಟದ ನೀರಿಗೆ ಇವೆರಡರ ಭೇದ ತಿಳಿಯುವ ದಾರಿಯೇ ಇಲ್ಲ. ಬತ್ತಿಯ ಪರೀಕ್ಷೆ ಹೇಳುವುದೂ ಇಷ್ಟೇ: ಈ ದ್ರವದಲ್ಲಿ ನೀರು ಜಾಸ್ತಿಯೋ ಕಡಿಮೆಯೋ. ತೇವ ತುಸು ಹೆಚ್ಚಿರುವ ಒಳ್ಳೆಯ ಜೇನು ಅಲ್ಲಿ ಸೋಲುತ್ತದೆ, ಚೆನ್ನಾಗಿ ಇಂಗಿಸಿದ ಪಾಕ ಗೆಲ್ಲುತ್ತದೆ. ಇನ್ನೊಂದು ನಂಬಿಕೆ, ಹೆಪ್ಪುಗಟ್ಟಿ ಹರಳಾದ ಜೇನಿಗೆ ಸಕ್ಕರೆ ಬೆರೆಸಿದ್ದಾರೆ ಎಂಬುದು. ವಾಸ್ತವ ತದ್ವಿರುದ್ಧ. ಗ್ಲೂಕೋಸ್ ಹೆಚ್ಚಿರುವ ಶುದ್ಧ ಜೇನು ತಣ್ಣಗಿನ ದಿನಗಳಲ್ಲಿ ತಾನಾಗಿಯೇ ಹರಳಾಗುತ್ತದೆ. ಫ್ರಕ್ಟೋಸ್ ಹೆಚ್ಚಿರುವ ಪಾಕ ಬೆರೆಸಿದ್ದು ವರ್ಷಗಟ್ಟಲೆ ನೀರಾಗಿಯೇ ಉಳಿಯಬಹುದು. ಅಂದರೆ ಓದುಗ ಅಸಲಿಯನ್ನು ಎಸೆದು ನಕಲಿಯನ್ನು ಮನೆಗೆ ತರುವ ಹಾಗೆ ಆಗಿದೆ.

ಪ್ರಯೋಗಾಲಯಕ್ಕೂ ಇದು ಸುಲಭದ ಕೆಲಸವಲ್ಲ. ಕಬ್ಬು ಮತ್ತು ಮುಸುಕಿನ ಜೋಳ ಗಾಳಿಯಿಂದ ಇಂಗಾಲ ಹೀರುವ ರೀತಿ, ಜೇನುಹುಳು ಹೋಗುವ ಹೆಚ್ಚಿನ ಹೂಗಿಡಗಳ ರೀತಿಗಿಂತ ಬೇರೆ. ಆದ್ದರಿಂದ ಆ ಸಕ್ಕರೆಗಳಲ್ಲಿ ಇಂಗಾಲದ ತುಸು ಭಾರದ ರೂಪವಾದ ಇಂಗಾಲ–13ರ ಪ್ರಮಾಣ ತುಸು ಹೆಚ್ಚು. ಅದನ್ನು ಅಳೆದು ಕಬ್ಬು–ಜೋಳದ ಸಕ್ಕರೆ ಬೆರೆತದ್ದನ್ನು ಹಿಡಿಯುವ ವಿಧಾನ ಬಂತು. ಬೆರೆಸುವವರು ಏನು ಮಾಡಿದರು? ಅಕ್ಕಿಯ ಪಾಕಕ್ಕೆ, ಬೀಟ್ ಪಾಕಕ್ಕೆ ಹೊರಳಿದರು. ಆ ಬೆಳೆಗಳ ಇಂಗಾಲ ಹೂಗಿಡಗಳದ್ದರಂತೆಯೇ ಇರುತ್ತದೆ, ಪರೀಕ್ಷೆಗೆ ಸಿಗುವುದಿಲ್ಲ. ಈಗ ಎನ್‌ಎಂಆರ್‌ನಂಥ ಕಾಂತಕ್ಷೇತ್ರದಲ್ಲಿಟ್ಟು ಅಣುಗಳನ್ನು ಗುರುತಿಸುವ ದುಬಾರಿ ಯಂತ್ರಗಳಿಂದ ಜೇನಿನ ಒಟ್ಟು ರಾಸಾಯನಿಕ ಚಹರೆಯನ್ನೇ ನೋಡಬೇಕಾಗಿದೆ. ಐರೋಪ್ಯ ಒಕ್ಕೂಟಕ್ಕೆ ಆಮದಾದ 320 ಜೇನಿನ ಮಾದರಿಗಳನ್ನು ಅಲ್ಲಿನ ಜಂಟಿ ಸಂಶೋಧನಾ ಕೇಂದ್ರ ಪರೀಕ್ಷಿಸಿ 2023ರಲ್ಲಿ ವರದಿ ಕೊಟ್ಟಿತು. ಶೇ 46ರಷ್ಟು ಮಾದರಿಗಳು ಬೆರಕೆಯ ಶಂಕೆಗೆ ಒಳಗಾಗಿದ್ದವು.

ಪರೀಕ್ಷೆ ಏನನ್ನು ಅಳೆಯುತ್ತದೋ ಅದರ ಅಳತೆಗೆ ನಕಲಿಯನ್ನು ಹೊಲಿಯುತ್ತಾರೆ. ಇದನ್ನು ಅತಿ ಕ್ರೂರವಾಗಿ ತೋರಿಸಿದ್ದು 2008ರಲ್ಲಿ ಚೀನಾದ ಹಾಲಿನ ಪುಡಿ. ಹಾಲಿನ ಪ್ರೋಟೀನನ್ನು ರೂಢಿಯ ವಿಧಾನದಲ್ಲಿ ನೇರವಾಗಿ ಅಳೆಯುವುದಿಲ್ಲ. ಸಾರಜನಕವನ್ನು ಅಳೆದು ಅದರಿಂದ ಪ್ರೋಟೀನಿನ ಲೆಕ್ಕ ಹಾಕುತ್ತಾರೆ. ಪ್ರೋಟೀನಿನಲ್ಲಿ ಸಾರಜನಕ ಶೇ 16ರ ಆಸುಪಾಸು, ಪ್ಲಾಸ್ಟಿಕ್ ಉದ್ಯಮದ ಮೆಲಮೈನ್‌ನಲ್ಲಿ ಶೇ 66. ಹಾಲಿಗೆ ನೀರು ಬೆರೆಸಿ, ಚಿಟಿಕೆ ಮೆಲಮೈನ್ ಹಾಕಿದರೆ ಕಾಗದದ ಮೇಲೆ ಪ್ರೋಟೀನು ಸರಿಯಾಗಿಯೇ ಕಾಣುತ್ತದೆ. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿ ಆರು ಹಸುಗೂಸುಗಳು ತೀರಿಕೊಂಡವು. ಸುಸಜ್ಜಿತ ಪ್ರಯೋಗಾಲಯಗಳನ್ನೇ ದಾಟಿ ಬಂದ ಮೋಸವನ್ನು ಅಡುಗೆಮನೆಯ ಲೋಟ ಹಿಡಿಯುತ್ತದೆ ಎಂದು ನಂಬಿಸುವುದು ಸರಿಯಲ್ಲ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ‘ನಕಲಿ ಆಹಾರ’ ಎಂಬ ಒಂದೇ ಪದದಲ್ಲಿ ಪತ್ರಿಕೆಗಳು ಎರಡು ಬೇರೆ ಸಂಗತಿಗಳನ್ನು ಕಟ್ಟಿಹಾಕುತ್ತಿವೆ. ಒಂದು, ಕಲಬೆರಕೆ: ಹೇಳದೆ ಬೆರೆಸುವುದು, ಅದು ಅಪರಾಧ. ಇನ್ನೊಂದು, ಅನುಕರಣೆಯ ಆಹಾರ: ಬೇರೆ ಸಾಮಗ್ರಿಯಿಂದ ಮಾಡಿ, ಅದನ್ನು ಲೇಬಲ್‌ನಲ್ಲಿ ಕಾನೂನಿಗೆ ಬೇಕಾದಷ್ಟು ಹೇಳಿ, ರೂಪ ರುಚಿಗಳಲ್ಲಿ ಮೂಲದಂತೆ ಕಾಣಿಸಿ ಮಾರುವುದು. ಇದು ಅಪರಾಧವಲ್ಲ. ದಾಳಿ ಇಲ್ಲ, ಜಪ್ತಿ ಇಲ್ಲ, ಆದ್ದರಿಂದ ಸುದ್ದಿಯೂ ಇಲ್ಲ. ದಿನನಿತ್ಯದ ತಟ್ಟೆಗೆ ಬಂದು ಬೀಳುವುದು ಮಾತ್ರ ಹೆಚ್ಚಾಗಿ ಈ ಎರಡನೆಯದೇ.

ಚೀಸ್ ಒಂದನ್ನೇ ಹತ್ತಿರದಿಂದ ನೋಡೋಣ. ಒಂದು ಕಿಲೋ ಗಟ್ಟಿ ಚೀಸ್‌ಗೆ ಹತ್ತು ಲೀಟರಿನಷ್ಟು ಹಾಲು ಬೇಕು. ಹಾಲನ್ನು ಹುಳಿಸಿ, ರೆನೆಟ್ ಎಂಬ ಕಿಣ್ವ ಹಾಕಿ ಒಡೆಸಿ, ನೀರು ಬಸಿದು, ಉಪ್ಪು ಹಾಕಿ, ವಾರಗಟ್ಟಲೆಯೋ ತಿಂಗಳುಗಟ್ಟಲೆಯೋ ಮಾಗಿಸಬೇಕು. ಅನುಕರಣೆಯ ಚೀಸ್‌ಗೆ ಇದಾವುದೂ ಬೇಡ. ಒಂದು ಕಿಲೋಗೆ ಸುಮಾರು ಅರ್ಧ ಕಿಲೋ ನೀರು, 250 ಗ್ರಾಂ ತಾಳೆ ಎಣ್ಣೆಯಂಥ ಗಟ್ಟಿ ಸಸ್ಯಜನ್ಯ ಕೊಬ್ಬು, 220 ಗ್ರಾಂ ಕೇಸಿನ್ ಎಂಬ ಹಾಲಿನ ಪ್ರೋಟೀನಿನ ಪುಡಿ, 15–20 ಗ್ರಾಂ ಸೋಡಿಯಂ ಸಿಟ್ರೇಟ್ ಅಥವಾ ಫಾಸ್ಫೇಟ್, ಅಷ್ಟೇ ಅಡುಗೆ ಉಪ್ಪು, ಬಣ್ಣ, ಸುವಾಸನೆ. ಎಲ್ಲವನ್ನೂ 80 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕೆಲವು ನಿಮಿಷ ಕಡೆದು, ಕೊನೆಗೆ ಹುಳಿಗೆ ಸಿಟ್ರಿಕ್ ಆಮ್ಲ ಹಾಕಿ, ಬಿಸಿಯಿರುವಾಗಲೇ ಅಚ್ಚಿಗೆ ಸುರಿದು ತಣಿಸಿದರೆ ಮುಗಿಯಿತು. ಆ ಸಿಟ್ರೇಟ್, ಫಾಸ್ಫೇಟುಗಳದ್ದೇ ಇಲ್ಲಿ ಮುಖ್ಯ ಕೆಲಸ. ಅವು ಕೇಸಿನ್‌ಗೆ ಅಂಟಿಕೊಂಡ ಕ್ಯಾಲ್ಸಿಯಂ ಕಿತ್ತುಕೊಂಡು ಅದನ್ನು ನೀರಿನಲ್ಲಿ ಬಿಚ್ಚಿಕೊಳ್ಳುವಂತೆ ಮಾಡುತ್ತವೆ. ಬಿಚ್ಚಿಕೊಂಡ ಕೇಸಿನ್ ಎಣ್ಣೆಯ ಹನಿಗಳನ್ನು ಹಿಡಿದುಕೊಳ್ಳುತ್ತದೆ. ಈ ಲವಣ ಕಡಿಮೆಯಾದರೆ ಎಣ್ಣೆ ಬೇರ್ಪಟ್ಟು ತೇಲುತ್ತದೆ. ಆಮ್ಲವನ್ನು ಮೊದಲೇ ಹಾಕಿದರೆ ಕೇಸಿನ್ ನೀರು ಹೀರದೆ ಗಂಟುಗಂಟಾಗುತ್ತದೆ.

ಕೇಸಿನ್ ಕೂಡ ದುಬಾರಿಯೆನಿಸಿದಾಗ ಅದರ ಒಂದು ಪಾಲನ್ನೋ ಪೂರ್ತಿಯನ್ನೋ ತೆಗೆದು ಪಿಷ್ಟ ಹಾಕುತ್ತಾರೆ. ವ್ಯತ್ಯಾಸ ನಾಲಿಗೆಗಿಂತ ಮೊದಲು ಒಲೆಗೆ ಗೊತ್ತಾಗುತ್ತದೆ. ಬಿಸಿ ಮಾಡಿದಾಗ ಎಳೆ ಬರುವುದು ಕೇಸಿನ್ ಜಾಲದಿಂದ. ಪಿಷ್ಟ ಬಿಸಿಯಾದಾಗ ಗೋಂದಿನಂತೆ ಊದಿ ನಿಲ್ಲುತ್ತದೆಯೇ ಹೊರತು ಹರಿಯುವುದಿಲ್ಲ. ಮೇಲೆ ಒಣ ಪೊರೆ ಕಟ್ಟುತ್ತದೆ, ಅಂಚಿನಲ್ಲಿ ಎಣ್ಣೆ ಜಿನುಗುತ್ತದೆ. ಪೋಷಣೆಯ ಲೆಕ್ಕವೂ ಬೇರೆ. 100 ಗ್ರಾಂ ಮೊಜರೆಲ್ಲಾದಲ್ಲಿ 20 ಗ್ರಾಂಗೂ ಮೀರಿ ಪ್ರೋಟೀನು ಇರುತ್ತದೆ. ಪಿಷ್ಟ ಮತ್ತು ತೆಂಗಿನೆಣ್ಣೆಯಿಂದಲೇ ಮಾಡಿದ ಅನುಕರಣೆಯಲ್ಲಿ ಒಂದೆರಡು ಗ್ರಾಂ ಇದ್ದರೆ ಹೆಚ್ಚು. ಮಕ್ಕಳಿಗೆ ಪ್ರೋಟೀನು, ಕ್ಯಾಲ್ಸಿಯಂ ಸಿಗಲಿ ಎಂದು ಚೀಸ್ ಕೊಡುವ ತಾಯಂದಿರಿಗೆ ಇದು ಗೊತ್ತಿರಬೇಡವೇ?

ಐಸ್‌ಕ್ರೀಂ ಪಕ್ಕದಲ್ಲೇ ಇಡುವ ‘ಫ್ರೋಜನ್ ಡೆಸರ್ಟ್’ ಕೂಡ ಹೀಗೆಯೇ. ಹಾಲಿನ ಕೊಬ್ಬಿನ ಜಾಗದಲ್ಲಿ ಸಸ್ಯಜನ್ಯ ಕೊಬ್ಬು. ಹಾಲಿನ ಕೊಬ್ಬು ಬಾಯಿಯ ಬಿಸಿಗೆ ಬಹುಪಾಲು ಕರಗಿ ಹೋಗುತ್ತದೆ. ಬದಲಿಗೆ ಹಾಕಿದ ಕೊಬ್ಬಿನ ಕರಗುವ ಬಿಂದು ಮೈಶಾಖಕ್ಕಿಂತ ಮೇಲಿದ್ದರೆ ಅಂಗುಳಿಗೆ ಮೇಣದಂಥ ಲೇಪ ಅಂಟಿ ಉಳಿಯುತ್ತದೆ. ಇಲ್ಲಿ ಗಾಳಿಯ ವ್ಯಾಪಾರವೂ ಇದೆ. ಹೆಪ್ಪುಗಟ್ಟಿಸುವಾಗ ಮಿಶ್ರಣಕ್ಕೆ ಗಾಳಿ ಸೇರಿಸುತ್ತಾರೆ, ಸೇರಿಸದಿದ್ದರೆ ಅದು ಕಲ್ಲಿನಂತಾಗುತ್ತದೆ. ಒಂದು ಲೀಟರ್ ಮಿಶ್ರಣ ತೂಗುವುದು ಸುಮಾರು 1.1 ಕಿಲೋ. ಅಷ್ಟೇ ಪ್ರಮಾಣದ ಗಾಳಿ ಸೇರಿ ಎರಡು ಲೀಟರಾದರೆ, ಒಂದು ಲೀಟರಿನ ಡಬ್ಬಿಯಲ್ಲಿರುವುದು 550 ಗ್ರಾಂ. ಗಾಳಿ ಕಡಿಮೆ ಸೇರಿಸಿದವರ ಡಬ್ಬಿ 800 ಗ್ರಾಂ ಮೀರಿ ತೂಗಬಹುದು. ಬೆಲೆಯನ್ನು ಲೀಟರಿಗಲ್ಲ, ಗ್ರಾಂಗೆ ಲೆಕ್ಕ ಹಾಕಿ ನೋಡಬೇಕು. ಡಬ್ಬಿಯ ಮೇಲೆ ತೂಕ ಬರೆದಿರದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು: ತುಂಬಿದ ಡಬ್ಬಿಯ ತೂಕದಿಂದ ಖಾಲಿ ಡಬ್ಬಿಯ ತೂಕ ಕಳೆದರಾಯಿತು.

ಚಾಕೊಲೇಟ್ ಎಂದು ಕೊಳ್ಳುವ ಎಷ್ಟೋ ತಿನಿಸಿನ ಮೇಲಿರುವುದು ಕಾಂಪೌಂಡ್ ಲೇಪ. ಕೋಕೋ ಪುಡಿ ಇದೆ, ಕೋಕೋ ಬೆಣ್ಣೆ ಇಲ್ಲ, ಅದರ ಬದಲು ತಾಳೆ ಬೀಜದ ಎಣ್ಣೆ. ಕೋಕೋ ಬೆಣ್ಣೆ 34 ಡಿಗ್ರಿಯ ಸುಮಾರಿಗೆ ಥಟ್ಟನೆ ಕರಗುತ್ತದೆ, ಅದಕ್ಕೇ ನಾಲಿಗೆಯ ಮೇಲೆ ತಂಪೆನಿಸುತ್ತದೆ. ಆದರೆ ಅದನ್ನು ಹದವಾಗಿ ಬಿಸಿ ಮಾಡಿ, ತಣಿಸಿ, ಮತ್ತೆ ತುಸು ಬಿಸಿ ಮಾಡಿ ಸರಿಯಾದ ಹರಳು ಕಟ್ಟಿಸಬೇಕು. ಹದ ತಪ್ಪಿದರೆ ಮೇಲೆ ಬೂದು ಬಣ್ಣದ ಪುಡಿ ಏಳುತ್ತದೆ, ಅದು ಬೂಸ್ಟು ಅಲ್ಲ. ಲೇಪದ ಕೊಬ್ಬಿಗೆ ಈ ತಾಪತ್ರಯವಿಲ್ಲ. ಕರಗಿಸಿ ಸುರಿದರೆ ಸಾಕು.

ವನಿಲಾದ ಕಥೆ ಹಳೆಯದು. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಪೈನ್ ಜಾತಿಯ ಮರದ ರಸದಿಂದ ವನಿಲಾದ ಮುಖ್ಯ ಪರಿಮಳವಸ್ತುವಾದ ವನಿಲಿನ್ ತಯಾರಿಸಿದರು. ಮುಂದೆ ಕಾಗದದ ಕಾರ್ಖಾನೆಯ ತ್ಯಾಜ್ಯದಿಂದ, ಆಮೇಲೆ ಪೆಟ್ರೋಲಿಯಂ ಮೂಲದ ಗ್ವಾಯಕಾಲ್‌ನಿಂದ ಅದು ಬಂತು. ಹದ ಮಾಡಿದ ವನಿಲಾ ಕಾಯಿಯಲ್ಲಿ ವನಿಲಿನ್ ಇರುವುದು ಶೇ 2ರ ಆಸುಪಾಸು. ಅದರ ಜತೆ ನೂರಾರು ಸಂಯುಕ್ತಗಳು ಸೇರಿ ಆ ಪರಿಮಳ. ವನಿಲಿನ್ ಅಣು ಎಲ್ಲಿಂದ ಬಂದರೂ ಒಂದೇ, ಅದರಿಂದ ಅಪಾಯವೇನಿಲ್ಲ. ತಕರಾರು ಇರುವುದು ಹೇಳಿಕೆಯ ಬಗ್ಗೆ. ಪರಿಮಳ ಹಿಂಡಿ ತೆಗೆದ ಮೇಲೆ ಉಳಿದ ಕಾಯಿಯ ಕಪ್ಪು ಚುಕ್ಕಿಗಳನ್ನು ಪುಡಿ ಮಾಡಿ, ಸಂಶ್ಲೇಷಿತ ವನಿಲಿನ್ ಹಾಕಿದ ತಿನಿಸಿನಲ್ಲಿ ಉದುರಿಸುವುದುಂಟು. ಆ ಚುಕ್ಕಿಗಳಿಗೆ ರುಚಿ ಇಲ್ಲ, ವಾಸನೆ ಇಲ್ಲ. ನೋಡುವವರ ಕಣ್ಣಿಗಾಗಿಯೇ ಅವು ಅಲ್ಲಿವೆ.

ಕಾಫಿಗೆ ಹಾಕುವ ಹಾಲಿಲ್ಲದ ಬಿಳಿ ಪುಡಿ ಗ್ಲೂಕೋಸ್ ಪಾಕ, ಸಸ್ಯಜನ್ಯ ಕೊಬ್ಬು ಮತ್ತು ಸೋಡಿಯಂ ಕೇಸಿನೇಟ್ ಸೇರಿದ್ದು. ಕಾಫಿಯ ಹುಳಿಗೆ ಒಡೆಯದಿರಲು ಫಾಸ್ಫೇಟ್. ಹೆಸರಿನಲ್ಲಿ ‘ಡೇರಿಯಲ್ಲದ್ದು’ ಎಂದಿದ್ದರೂ ಕೇಸಿನೇಟ್ ಹಾಲಿನದ್ದೇ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರು ಹೆಸರು ನಂಬಿ ಕುಡಿದರೆ ಆಸ್ಪತ್ರೆ ಸೇರಬೇಕಾದೀತು. ಏಡಿ ಕಡ್ಡಿ ಎಂದು ಮಾರುವುದು ಬಿಳಿ ಮೀನಿನ ಮಾಂಸವನ್ನು ಅರೆದು, ಮತ್ತೆಮತ್ತೆ ತೊಳೆದು, ಪಿಷ್ಟ, ಮೊಟ್ಟೆಯ ಬಿಳಿ, ಸಕ್ಕರೆ ಸೇರಿಸಿ ಬೇಯಿಸಿ ಮೇಲೆ ಕೆಂಪು ಬಳಿದದ್ದು. ಮೀನು, ಮೊಟ್ಟೆ ಆಗದವರಿಗೆ ಅಲ್ಲೂ ಅದೇ ಅಪಾಯ.

ಅನುಕರಣೆಯೆಲ್ಲ ವಿಷ ಎನ್ನುತ್ತಿಲ್ಲ. ಹಾಲು ಜೀರ್ಣವಾಗದವರಿಗೆ, ಪ್ರಾಣಿಜನ್ಯ ಪದಾರ್ಥ ಬೇಡವೆನ್ನುವವರಿಗೆ ಸೋಯಾ ಪಾನೀಯ ಒಳ್ಳೆಯದೇ, ಅದರಲ್ಲಿ ಪ್ರೋಟೀನು ಹಾಲಿಗೆ ಹತ್ತಿರ ಬರುತ್ತದೆ. ಆದರೆ ಬಾದಾಮಿ ಪಾನೀಯದಲ್ಲಿ 100 ಮಿಲಿಲೀಟರಿಗೆ ಅರ್ಧ ಗ್ರಾಂ ಸುಮಾರಿಗೆ ಇಳಿಯುತ್ತದೆ, ಹಾಲಿನಲ್ಲಿ 3 ಗ್ರಾಂಗಿಂತ ಹೆಚ್ಚು. ಬಿಳಿ ಬಣ್ಣ ನೋಡಿ ಒಂದು ವರ್ಷ ತುಂಬದ ಕೂಸಿಗೆ ಎದೆಹಾಲಿನ ಅಥವಾ ಶಿಶು ಆಹಾರದ ಬದಲು ಇಂಥದ್ದನ್ನು ಕುಡಿಸಬಾರದು.

ಬದಲಿ ಪದಾರ್ಥದ ಕೆಡುಕು ತಡವಾಗಿ ತಿಳಿಯುತ್ತದೆ ಎಂಬುದಕ್ಕೆ ಮಾರ್ಗರಿನ್ ಸಾಕ್ಷಿ. 1869ರಲ್ಲಿ ಫ್ರಾನ್ಸಿನ ಮೆಜ್‌ ಮೂರಿಯೆ ದನದ ಕೊಬ್ಬಿನಿಂದ ಬೆಣ್ಣೆಗೆ ಬದಲಿ ತಯಾರಿಸಿದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡುವ ವಿಧಾನ ಬಂದಮೇಲೆ ಅದು ಸಸ್ಯಜನ್ಯವಾಯಿತು, ಹೃದಯಕ್ಕೆ ಬೆಣ್ಣೆಗಿಂತ ಒಳ್ಳೆಯದೆಂಬ ಹೆಸರೂ ಬಂತು. ಎಣ್ಣೆಯನ್ನು ಅರೆಬರೆ ಗಟ್ಟಿ ಮಾಡಿದಾಗ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಅದು ಕೆಟ್ಟ ಕೊಲೆಸ್ಟರಾಲ್ ಏರಿಸಿ ಒಳ್ಳೆಯದನ್ನು ಇಳಿಸುತ್ತದೆ ಎಂದು ನೆದರ್ಲೆಂಡ್ಸ್‌ನ ಸಂಶೋಧಕರು ತೋರಿಸಿದ್ದು 1990ರಲ್ಲಿ. ಡೆನ್ಮಾರ್ಕ್ ಮಿತಿ ಹಾಕಿದ್ದು 2003ರಲ್ಲಿ. ಕೈಗಾರಿಕಾ ಟ್ರಾನ್ಸ್ ಕೊಬ್ಬನ್ನು 2023ರೊಳಗೆ ತೊಲಗಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಕರೆ ಕೊಟ್ಟದ್ದು 2018ರಲ್ಲಿ. ಅಷ್ಟರಲ್ಲಿ ಮೂರು ನಾಲ್ಕು ತಲೆಮಾರು ಅದನ್ನು ತಿಂದಾಗಿತ್ತು.

ಹಾಗಾದರೆ ಓದುಗ ಮಾಡಬೇಕಾದದ್ದೇನು? ಪೊಟ್ಟಣದ ಮುಂಬದಿಯ ಚಿತ್ರ, ದೊಡ್ಡಕ್ಷರದ ಹೆಸರು ಬಿಟ್ಟು, ಸಣ್ಣಕ್ಷರದಲ್ಲಿರುವ ಪದಾರ್ಥದ ನಿಜವಾದ ಹೆಸರನ್ನು ಹುಡುಕಬೇಕು. ‘ರಸ’ ಬೇರೆ, ‘ನೆಕ್ಟರ್’ ಬೇರೆ, ‘ಹಣ್ಣಿನ ಪಾನೀಯ’ ಬೇರೆ. ಕೋಡೆಕ್ಸ್ ಲೆಕ್ಕದಲ್ಲಿ ನೆಕ್ಟರಿಗೆ ಹೆಚ್ಚಿನ ಹಣ್ಣುಗಳಲ್ಲಿ ಶೇ 25ರಿಂದ 50ರಷ್ಟು ರಸ ಅಥವಾ ತಿರುಳು ಇದ್ದರೆ ಸಾಕು, ಉಳಿದದ್ದು ನೀರು, ಸಕ್ಕರೆ. ಪಾನೀಯದಲ್ಲಿ ಅಷ್ಟೂ ಇರಬೇಕಿಲ್ಲ. ಹಣ್ಣಿನ ಹೆಸರಿನ ಮುಂದೆ ‘ಸ್ವಾದದ’, ‘ಪರಿಮಳದ’ ಎಂಬ ಬಾಲ ಅಂಟಿದ್ದರೆ ಹಣ್ಣು ಒಳಗೆ ಇಲ್ಲದಿರಬಹುದು.

ಆಮೇಲೆ ಪದಾರ್ಥಗಳ ಪಟ್ಟಿ. ತೂಕ ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಎಂಬುದು ಎಲ್ಲೆಡೆ ನಡೆದುಬಂದ ನಿಯಮ. ಚೀಸ್ ಎಂದುಕೊಂಡದ್ದರ ಪಟ್ಟಿಯಲ್ಲಿ ನೀರು, ಸಸ್ಯಜನ್ಯ ಕೊಬ್ಬು, ಪಿಷ್ಟ ಮೊದಲು ಬಂದರೆ ಬೇರೆ ಪರೀಕ್ಷೆ ಬೇಕಿಲ್ಲ. ಐಸ್‌ಕ್ರೀಂನಲ್ಲಿ ಕೊಬ್ಬು ಯಾವುದು, ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆ ಇದೆಯೋ ಇಲ್ಲವೋ, ವಿನೆಗರ್ ಬಾಟಲಿಯಲ್ಲಿ ಹುದುಗಿಸಿದ ರಸವೋ ಬರೀ ನೀರು ಮತ್ತು ಅಸಿಟಿಕ್ ಆಮ್ಲವೋ, ಎಲ್ಲ ಅಲ್ಲೇ ಸಿಗುತ್ತದೆ. ಇಲ್ಲೊಂದು ಜಾಣತನವಿದೆ, ಅದನ್ನು ಓದುಗರಿಗೆ ಬಿಡಿಸಿ ಹೇಳಬೇಕು. ಸಕ್ಕರೆ ಪಟ್ಟಿಯ ತಲೆಯಲ್ಲಿ ಬಾರದಿರಲಿ ಎಂದು ಅದನ್ನು ಸಕ್ಕರೆ, ಗ್ಲೂಕೋಸ್ ಪಾಕ, ಡೆಕ್ಸ್ಟ್ರೋಸ್, ಇನ್ವರ್ಟ್ ಪಾಕ ಎಂದು ಒಡೆದು ಹಾಕುತ್ತಾರೆ. ಒಂದೊಂದರ ತೂಕ ಕಡಿಮೆಯಾಗಿ ಅವೆಲ್ಲ ಹಿಂದೆ ಸರಿಯುತ್ತವೆ. ಕೂಡಿಸಿದರೆ ಮೊದಲನೆಯದು ಸಕ್ಕರೆಯೇ. ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದು ಇಂಗಿಸಿದ ದ್ರಾಕ್ಷಿ ರಸ ಸುರಿಯುವುದೂ ಇದೇ ಜಾತಿಯದು.

ಮನೆಯಲ್ಲಿ ನಡೆಯುವ ಪರೀಕ್ಷೆಯೇ ಇಲ್ಲವೆಂದಲ್ಲ. ಪಿಷ್ಟಕ್ಕೆ ಅಯೋಡಿನ್ ಪರೀಕ್ಷೆ ನಂಬಬಹುದಾದದ್ದು. ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣಕ್ಕೆ ಐದು ಪಟ್ಟು ನೀರು ಬೆರೆಸಿ, ಒಂದೆರಡು ಹನಿಯನ್ನು ಚೀಸ್ ತುಂಡಿನ ಮೇಲೋ ಕೆನೆಯ ಮೇಲೋ ಬಿಟ್ಟರೆ, ಪಿಷ್ಟವಿದ್ದಲ್ಲಿ ಕಡುನೀಲಿ ಬರುತ್ತದೆ. ಮಾದರಿ ಪೂರ್ತಿ ತಣ್ಣಗಿರಬೇಕು, ಬಿಸಿಯಲ್ಲಿ ಆ ಬಣ್ಣ ನಿಲ್ಲುವುದಿಲ್ಲ. ತುರಿದು ಮಾರುವ ಚೀಸ್‌ಗೆ ಎಳೆಗಳು ಒಂದಕ್ಕೊಂದು ಅಂಟದಿರಲಿ ಎಂದು ಹೊರಗಿನಿಂದ ಪಿಷ್ಟ ಸವರುವುದುಂಟು, ಆಗ ಅದು ಅಸಲಿಯಾಗಿದ್ದರೂ ನೀಲಿಯಾಗುತ್ತದೆ. ಆದ್ದರಿಂದ ಇಡೀ ಗಡ್ಡೆಯನ್ನು ಕತ್ತರಿಸಿ ಒಳಭಾಗದಲ್ಲಿ ನೋಡಬೇಕು. ಪರೀಕ್ಷಿಸಿದ ತುಂಡನ್ನು ತಿನ್ನದೆ ಎಸೆಯಬೇಕು. ಕೇಸರಿಯ ಎಳೆಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ ನೋಡುವುದೂ ಉಪಯುಕ್ತವೇ. ಅಸಲಿ ನಿಧಾನವಾಗಿ ಹಳದಿ ಬಿಡುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ಬಣ್ಣ ಹಚ್ಚಿದ ನಾರು ಕೂಡಲೇ ಬಣ್ಣ ಕಾರಿ ಬಿಳಿಚುತ್ತದೆ.

ಬೇಯಿಸಿದ ಅನ್ನವನ್ನು ಉಂಡೆ ಕಟ್ಟಿ ನೆಲಕ್ಕೆ ಎಸೆದು, ಪುಟಿಯಿತು, ಆದ್ದರಿಂದ ಅಕ್ಕಿ ಪ್ಲಾಸ್ಟಿಕ್ಕಿನದು ಎನ್ನುವ ವಿಡಿಯೊಗಳನ್ನು ಸುದ್ದಿಯಾಗಿ ಪ್ರಕಟಿಸುವುದು ನಿಲ್ಲಲಿ. ಬೆಂದ ಪಿಷ್ಟ ಅಂಟಿಕೊಳ್ಳುತ್ತದೆ, ಒತ್ತಿದರೆ ಪುಟಿಯುತ್ತದೆ, ಅದು ಅದರ ಗುಣ. ಪ್ಲಾಸ್ಟಿಕ್ ನೀರು ಹೀರಿ ಅಕ್ಕಿಯಂತೆ ಅರಳುವುದಿಲ್ಲ. ಇಂಥ ಗಾಬರಿಯಲ್ಲಿ ಓದುಗರ ಗಮನ ಇಲ್ಲದ ವಸ್ತುವಿನ ಹಿಂದೆ ಹೋಗುತ್ತದೆ, ಇರುವ ವಸ್ತು ಸದ್ದಿಲ್ಲದೆ ತಟ್ಟೆಗೆ ಬರುತ್ತದೆ.

ಕಲಬೆರಕೆಯ ಸುದ್ದಿ ಬರೆಯುವಾಗ ನಿಮ್ಮ ವರದಿಗಾರರು ನಾಲ್ಕು ಪ್ರಶ್ನೆ ಕೇಳಲಿ: ಯಾವ ಪದಾರ್ಥ ತೆಗೆದು ಯಾವುದನ್ನು ಹಾಕಿದ್ದರು, ಎಷ್ಟು ಪಾಲು, ಯಾವ ವಿಧಾನದಿಂದ ಗೊತ್ತಾಯಿತು, ತಿಂದವರಿಗೆ ಅದರಿಂದ ಏನಾಗುತ್ತದೆ. ಮನೆಮದ್ದಿನಂಥ ಪರೀಕ್ಷೆಗಳಿಗೆ ಕೊಡುತ್ತಿದ್ದ ಆ ಚೌಕಟ್ಟಿನಲ್ಲಿ ವಾರಕ್ಕೊಂದು ಪದಾರ್ಥದ ಲೇಬಲ್ ಅನ್ನು, ಕಂಪನಿಯ ಹೆಸರಿಲ್ಲದೆಯೇ, ಸಾಲು ಸಾಲಾಗಿ ಬಿಡಿಸಿ ಹೇಳಿ. ಮೊದಲ ವಾರಕ್ಕೆ ಚೀಸ್ ತೆಗೆದುಕೊಳ್ಳಿ.

ಇಂತಿ,
ಆಹಾರ ತಂತ್ರಜ್ಞಾನ ಬಲ್ಲ ಓದುಗರು